ಎರಡು ಟೈಮ್ ಸರ್ವರ್‌ಗಳಿದ್ದರೂ ಟ್ರಿಪ್‌ನ ಕ್ರಮ ತಲೆಕೆಳಗಾಗಿದೆ: ಯಾವ ಗಡಿಯಾರವನ್ನು ನಂಬಬೇಕು?

ಕೃಷ್ಣಾತೀರ:

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆಯ ಕೋಜನ್ (ಹಬೆಯನ್ನೂ ವಿದ್ಯುತ್ತನ್ನೂ ಒಟ್ಟಿಗೆ ಉತ್ಪಾದಿಸುವ) ಘಟಕದಲ್ಲಿ ಇನ್‌ಸ್ಟ್ರುಮೆಂಟೇಷನ್ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಕಳೆದ ವಾರ ನಡುರಾತ್ರಿ, ಕಬ್ಬು ನುರಿಸುವಿಕೆ ಪೂರ್ತಿ ಭರದಲ್ಲಿದ್ದಾಗ, ನಮ್ಮ ಟರ್ಬೈನ್ ಟ್ರಿಪ್ ಆಯಿತು, ಅಂದರೆ ರಕ್ಷಣೆಗಾಗಿ ತಾನೇ ನಿಂತುಬಿಟ್ಟಿತು. ಬೆಳಿಗ್ಗೆ ಕಾರಣ ಹುಡುಕಲು ಕುಳಿತು ಡಿಸಿಎಸ್‌ನ (ಘಟಕವನ್ನು ನಡೆಸುವ ನಿಯಂತ್ರಣ ವ್ಯವಸ್ಥೆ) ಘಟನಾವಳಿಯನ್ನೂ ಗ್ರಿಡ್ ಬ್ರೇಕರಿನ (ನಮ್ಮನ್ನು ಗ್ರಿಡ್‌ಗೆ ಜೋಡಿಸುವ ಸ್ವಿಚ್ಚು) ರಿಲೇಯ (ದೋಷ ಕಂಡರೆ ಬ್ರೇಕರ್ ತೆರೆಸುವ ರಕ್ಷಣಾ ಸಾಧನ) ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಡಿಸಿಎಸ್ ಪ್ರಕಾರ ಟರ್ಬೈನಿಗೆ ಹಬೆ ತಡೆಯುವ ಸ್ಟಾಪ್ ವಾಲ್ವ್ ಮುಚ್ಚಿದ್ದು 1 ಗಂಟೆ 42 ನಿಮಿಷ 17.3 ಸೆಕೆಂಡಿಗೆ, ಕಾರಣ ಓವರ್‌ಸ್ಪೀಡ್ (ಮಿತಿಮೀರಿದ ವೇಗ). ರಿಲೇ ಪ್ರಕಾರ ಗ್ರಿಡ್ ಬ್ರೇಕರ್ ತೆರೆದದ್ದು ಅದೇ ನಿಮಿಷದ 19.2 ಸೆಕೆಂಡಿಗೆ. ಅಂದರೆ ಮೊದಲು ನಮ್ಮ ಟರ್ಬೈನ್ ನಿಂತಿತು, ಸುಮಾರು ಎರಡು ಸೆಕೆಂಡಿನ ಬಳಿಕ ಬ್ರೇಕರ್ ತೆರೆಯಿತು ಎಂದು ಕಾಗದ ಹೇಳುತ್ತಿದೆ. ವಿದ್ಯುತ್ ಕಂಪನಿಯ ಎಂಜಿನಿಯರುಗಳು ಇದನ್ನೇ ಹಿಡಿದುಕೊಂಡು, ದೋಷ ನಿಮ್ಮ ಗವರ್ನರಿನದು (ಟರ್ಬೈನಿನ ವೇಗ ನಿಯಂತ್ರಕ), ಗ್ರಿಡ್‌ನಲ್ಲಿ ಏನೂ ಆಗಿಲ್ಲ ಎಂದು ಬರೆದು ಕಳುಹಿಸಿದ್ದಾರೆ. ಆದರೆ ಆ ರಾತ್ರಿ ಕಂಟ್ರೋಲ್ ರೂಮಿನಲ್ಲಿದ್ದ ಆಪರೇಟರ್ ಮೊದಲು ದೀಪಗಳು ಮಂಕಾದವು, ಆಮೇಲೆ ಟರ್ಬೈನಿನ ಸದ್ದು ಏರಿತು ಎಂದು ಖಚಿತವಾಗಿ ಹೇಳುತ್ತಿದ್ದಾರೆ.

ನಮ್ಮಲ್ಲಿ ಮೂರು ವರ್ಷಗಳ ಹಿಂದೆ ಹಾಕಿಸಿದ ಎರಡು ಜಿಪಿಎಸ್ ಟೈಮ್ ಸರ್ವರ್‌ಗಳಿವೆ (ಉಪಗ್ರಹಗಳಿಂದ ಸಮಯ ಪಡೆದು ಉಪಕರಣಗಳಿಗೆ ಹಂಚುವಂಥವು). ಡಿಸಿಎಸ್, ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಸಣ್ಣ ಕಂಟ್ರೋಲರ್) ಮತ್ತು ಆಪರೇಟರ್ ಕಂಪ್ಯೂಟರುಗಳಲ್ಲಿ ‘ಎ’ ಸರ್ವರ್ ಮೊದಲ ವಿಳಾಸ, ‘ಬಿ’ ಎರಡನೆಯ ವಿಳಾಸ. ರಿಲೇ ಪ್ಯಾನೆಲ್ಲುಗಳು ‘ಬಿ’ ಸರ್ವರಿನ ಪಕ್ಕದಲ್ಲೇ ಇರುವುದರಿಂದ ಅವಕ್ಕೆ ಅಲ್ಲಿಂದಲೇ ಐರಿಗ್-ಬಿ ಎಂಬ ಸಮಯ ಸಂಕೇತದ ನೇರ ಕೇಬಲ್ ಎಳೆದಿದ್ದಾರೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದೇ ಎರಡನ್ನು ಖರೀದಿಸಿದ್ದೆವು. ಹಾಗಿದ್ದೂ ಗಡಿಯಾರಗಳಲ್ಲಿ ಅಂತರ ಬರಲು ಸಾಧ್ಯವೇ? ಬಂದಿದ್ದರೆ ಯಾವುದನ್ನು ನಂಬಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು. ಜಂಟಿ ವಿಚಾರಣೆಗೆ ಹದಿನೈದು ದಿನ ಮಾತ್ರ ಉಳಿದಿದೆ.

ಪ್ಯಾಕೆಟ್:

ಸರ್, ಅಂತರ ಬರಲು ಖಂಡಿತ ಸಾಧ್ಯ, ಮತ್ತು ನೀವು ವಿವರಿಸಿದ ಜೋಡಣೆಯಲ್ಲಿ ಅದು ಯಾರ ಕಣ್ಣಿಗೂ ಬೀಳದೆ ಬೆಳೆಯಲು ಸಾಧ್ಯ. ಕಾರಣ ನಿಮ್ಮ ಉಪಕರಣಗಳು ಸಮಯ ಕೇಳುವ ರೀತಿಯಲ್ಲಿದೆ.

ನೆಟ್‌ವರ್ಕಿನಲ್ಲಿ ಸಮಯ ಹಂಚುವ ಕ್ರಮವಾದ ಎನ್‌ಟಿಪಿಯಲ್ಲಿ ಪ್ರತಿ ವಿಚಾರಣೆಗೂ ನಾಲ್ಕು ಕ್ಷಣಗಳು ದಾಖಲಾಗುತ್ತವೆ: ಪ್ರಶ್ನೆ ಹೊರಟದ್ದು, ಅದು ಸರ್ವರ್ ತಲುಪಿದ್ದು, ಉತ್ತರ ಹೊರಟದ್ದು, ಉತ್ತರ ಮರಳಿ ಬಂದದ್ದು. ಈ ನಾಲ್ಕರಿಂದ ದಾರಿಯಲ್ಲಿ ಕಳೆದ ಹೊತ್ತನ್ನು ಲೆಕ್ಕ ಹಾಕಿ, ಹೋಗುವ ಮತ್ತು ಬರುವ ದಾರಿಗಳು ಸಮಾನವೆಂದು ಭಾವಿಸಿ, ಗಡಿಯಾರಗಳ ನಡುವಿನ ವ್ಯತ್ಯಾಸವನ್ನು ತೆಗೆಯುತ್ತಾರೆ. ದಾರಿಗಳು ಸಮಾನವಾಗಿಲ್ಲದಿದ್ದರೆ ಆ ಅಸಮಾನತೆಯ ಅರ್ಧದಷ್ಟು ತಪ್ಪು ಉಳಿಯುತ್ತದೆ; ಹೋಗಲು 1 ಮಿಲಿಸೆಕೆಂಡು, ಬರಲು 9 ಮಿಲಿಸೆಕೆಂಡು ಹಿಡಿದರೆ 4 ಮಿಲಿಸೆಕೆಂಡಿನ ತಪ್ಪು. ಕಾರ್ಖಾನೆಯೊಳಗಿನ ನೆಟ್‌ವರ್ಕಿನಿಂದ ಆಗಬಹುದಾದ ಹಾನಿ ಇಷ್ಟರ ಆಸುಪಾಸಿನದು. ಎರಡು ಸೆಕೆಂಡಿನ ಅಂತರಕ್ಕೆ ಸ್ವಿಚ್ಚುಗಳನ್ನು ದೂರುವಂತಿಲ್ಲ.

ಪೂರ್ಣ ಪ್ರಮಾಣದ ಎನ್‌ಟಿಪಿ ಹಲವು ಸರ್ವರ್‌ಗಳನ್ನು ಒಟ್ಟಿಗೆ ವಿಚಾರಿಸಿ, ಪ್ರತಿಯೊಂದರ ಉತ್ತರದ ಸುತ್ತ ಇಷ್ಟರೊಳಗೆ ನಿಜವಾದ ಸಮಯ ಇರಲೇಬೇಕು ಎಂಬ ಒಂದು ವ್ಯಾಪ್ತಿಯನ್ನು ಕಟ್ಟಿ, ಹೆಚ್ಚಿನವು ಒಂದರ ಮೇಲೊಂದು ಬೀಳುವ ಕಡೆಗೆ ನಿಲ್ಲುತ್ತದೆ. ಹೊರಗುಳಿದದ್ದನ್ನು ಸುಳ್ಳುಗಾರನೆಂದು ಬದಿಗಿಡುತ್ತದೆ. ಪಿಎಲ್‌ಸಿಗಳಲ್ಲೂ ಡಿಸಿಎಸ್ ಕಂಟ್ರೋಲರುಗಳಲ್ಲೂ ಸಾಮಾನ್ಯವಾಗಿ ಇರುವುದು ಇದರ ಸರಳ ರೂಪವಾದ ಎಸ್‌ಎನ್‌ಟಿಪಿ. ಅದು ಮೊದಲ ವಿಳಾಸವನ್ನು ಕೇಳುತ್ತದೆ, ಬಂದ ಉತ್ತರವನ್ನು ಹಾಗೆಯೇ ಒಪ್ಪಿಕೊಳ್ಳುತ್ತದೆ, ಉತ್ತರವೇ ಬಾರದಿದ್ದರೆ ಮಾತ್ರ ಎರಡನೆಯ ವಿಳಾಸಕ್ಕೆ ಹೋಗುತ್ತದೆ. ನಿಮ್ಮ ‘ಎ’ ಸರ್ವರ್ ಸತ್ತಿದ್ದರೆ ‘ಬಿ’ ಕೈಹಿಡಿಯುತ್ತಿತ್ತು. ‘ಎ’ ಬದುಕಿದ್ದು ತಪ್ಪು ಹೇಳುತ್ತಿದ್ದರೆ ‘ಬಿ’ಯನ್ನು ಕೇಳುವವರೇ ಇಲ್ಲ.

ಮೊದಲು ಒಂದು ಕೆಲಸ ಮಾಡಿ. ಒಂದು ಲ್ಯಾಪ್‌ಟಾಪನ್ನು ಆ ನೆಟ್‌ವರ್ಕಿಗೆ ಜೋಡಿಸಿ, ಎರಡೂ ಸರ್ವರ್‌ಗಳ ವ್ಯತ್ಯಾಸವನ್ನು ಅಳೆದು ಬರೆದಿಟ್ಟುಕೊಳ್ಳಿ. ವಿಂಡೋಸ್ ಆಗಿದ್ದರೆ ಡಬ್ಲ್ಯೂ32ಟಿಎಂ ಆದೇಶದ ಸ್ಟ್ರಿಪ್‌ಚಾರ್ಟ್ ಆಯ್ಕೆ ಸಾಕು. ಇಪ್ಪತ್ನಾಲ್ಕು ಗಂಟೆ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಅದಕ್ಕೆ ಮುಂಚೆ ಯಾವ ಸರ್ವರನ್ನೂ ರೀಸ್ಟಾರ್ಟ್ ಮಾಡಬೇಡಿ, ಸಾಕ್ಷ್ಯ ಅಳಿಸಿಹೋಗುತ್ತದೆ.

ರಿಲೇಕೋಣೆ:

ನಾನು ಮೂವತ್ತು ವರ್ಷ ಸಬ್‌ಸ್ಟೇಷನ್ನುಗಳ ರಕ್ಷಣಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಗಡಿಯಾರಗಳನ್ನು ಅಳೆಯುವ ಮೊದಲೇ ಒಂದು ಮಾತು ಹೇಳುತ್ತೇನೆ: ನಿಮ್ಮ ಡಿಸಿಎಸ್ ಮತ್ತು ರಿಲೇ ಸೇರಿ ಹೇಳುತ್ತಿರುವ ಕಥೆ ಯಂತ್ರದ ಸ್ವಭಾವಕ್ಕೇ ಹೊಂದುವುದಿಲ್ಲ. ಗ್ರಿಡ್‌ಗೆ ಸಿಂಕ್ರೊನೈಸ್ ಆಗಿರುವ ಜನರೇಟರನ್ನು ಗ್ರಿಡ್ಡೇ ಹಿಡಿದು ನಿಲ್ಲಿಸಿರುತ್ತದೆ. ಬ್ರೇಕರ್ ಮುಚ್ಚಿರುವಷ್ಟು ಹೊತ್ತು ಅದರ ವೇಗ ಗ್ರಿಡ್‌ನ ಆವರ್ತನವನ್ನು ಬಿಟ್ಟು ಏರಲಾರದು. ಓವರ್‌ಸ್ಪೀಡ್ ಆಗಿ ಸ್ಟಾಪ್ ವಾಲ್ವ್ ಮುಚ್ಚಬೇಕಾದರೆ ಅದಕ್ಕೂ ಮುಂಚೆ ಬ್ರೇಕರ್ ತೆರೆದು ಲೋಡ್ ಕಳಚಿರಬೇಕು. ಉತ್ಪಾದನೆಯ ಬಹುಪಾಲು ಹೊರಗೆ ಹೋಗುತ್ತಿದ್ದಾಗ ಬ್ರೇಕರ್ ತೆರೆದರೆ ಒಂದು ಸೆಕೆಂಡಿನೊಳಗೇ ಓವರ್‌ಸ್ಪೀಡ್ ಮಿತಿ ಮುಟ್ಟುವುದನ್ನು ನಾನು ಕಂಡಿದ್ದೇನೆ. ನಿಮ್ಮ ಆಪರೇಟರ್ ಕಂಡದ್ದು, ಕೇಳಿದ್ದು ಎರಡೂ ಸರಿಯಾಗಿಯೇ ಇವೆ ಎಂದು ನನ್ನ ನಂಬಿಕೆ.

ಆದರೆ ವಿಚಾರಣೆಯಲ್ಲಿ ನಂಬಿಕೆ ನಡೆಯುವುದಿಲ್ಲ. ಒಂದೇ ಘಟನೆಯನ್ನು ಎರಡೂ ಕಡೆ ಬೇರೆಬೇರೆಯಾಗಿ ದಾಖಲಿಸಿದ್ದನ್ನು ಹುಡುಕಬೇಕು. ಬ್ರೇಕರ್ ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿಸುವ ಸಹಾಯಕ ಸಂಪರ್ಕ ಡಿಸಿಎಸ್‌ಗೂ ಬಂದಿದೆಯೇ? ಬಂದಿದ್ದರೆ ನೇರ ತಂತಿಯಲ್ಲಿ ಬಂದಿದೆಯೋ, ರಿಲೇಯಿಂದ ಮಾಡ್‌ಬಸ್ (ಉಪಕರಣಗಳ ನಡುವಿನ ಸಂವಹನ ವಿಧಾನ) ಮೂಲಕ ಬಂದಿದೆಯೋ ನೋಡಿ. ಈ ವ್ಯತ್ಯಾಸ ಬಹಳ ಮುಖ್ಯ. ಗಡಿಯಾರ ಎಷ್ಟೇ ಸರಿಯಿದ್ದರೂ ಸಮಯದ ಮೊಹರು ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ದಾಖಲೆಯ ಬೆಲೆ ನಿಂತಿದೆ. ಎಸ್‌ಒಇ (ಘಟನೆಗಳ ಕ್ರಮವನ್ನು ದಾಖಲಿಸುವ) ಕಾರ್ಡಿನಲ್ಲಿ ಮೊಹರು ಬಿದ್ದರೆ 1 ಮಿಲಿಸೆಕೆಂಡಿನ ಸೂಕ್ಷ್ಮತೆ ಸಿಗುತ್ತದೆ. ಕಂಟ್ರೋಲರಿನ ಸ್ಕ್ಯಾನಿನಲ್ಲಿ ಬಿದ್ದರೆ ಒಂದು ಸ್ಕ್ಯಾನಿನಷ್ಟು ತಡ. ಎರಡು ಸೆಕೆಂಡಿಗೊಮ್ಮೆ ವಿಚಾರಿಸುವ ಮಾಡ್‌ಬಸ್ ಗೇಟ್‌ವೇ ದಾಟಿ ಬಂದ ಮೇಲೆ ಬಿದ್ದರೆ ಆ ಸಮಯದಿಂದ ಏನನ್ನೂ ಸಾಧಿಸಲಾಗದು.

ಇದು ಸಣ್ಣ ಘಟಕಗಳ ಸಂಕಟವಷ್ಟೇ ಅಲ್ಲ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗವೂ ಕೆನಡಾದ ಒಂಟಾರಿಯೊ ಪ್ರಾಂತವೂ ಕತ್ತಲಾಗಿ ಸುಮಾರು 5 ಕೋಟಿ ಜನ ವಿದ್ಯುತ್ತಿಲ್ಲದೆ ಉಳಿದಾಗ, ತನಿಖೆ ನಡೆಸಿದವರಿಗೆ ದೊಡ್ಡ ತೊಡಕಾದದ್ದು ಬೇರೆಬೇರೆ ರೆಕಾರ್ಡರುಗಳ ಗಡಿಯಾರಗಳು ಒಂದಕ್ಕೊಂದು ಹೊಂದದೇ ಇದ್ದದ್ದು. ಸಾವಿರಾರು ಘಟನೆಗಳನ್ನು ಸಾಲಿಗೆ ತರುವುದೇ ದೊಡ್ಡ ದುಡಿಮೆಯಾಯಿತು. ಸಮಯ ಹೊಂದಿಸಿದ ರೆಕಾರ್ಡರುಗಳು ಕಡ್ಡಾಯವಾಗಬೇಕೆಂದು ಆ ವರದಿ ಶಿಫಾರಸು ಮಾಡಿತು. ಇಂದು ಅಲ್ಲಿನ ನಿಯಮ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗೆ 2 ಮಿಲಿಸೆಕೆಂಡಿನೊಳಗಿನ ಹೊಂದಾಣಿಕೆಯನ್ನು ಕೇಳುತ್ತದೆ. 50 ಹರ್ಟ್ಸ್‌ನ ಒಂದು ಸುತ್ತು ಮುಗಿಯಲು 20 ಮಿಲಿಸೆಕೆಂಡು ಸಾಕು, ರಿಲೇ ಎರಡು ಮೂರು ಸುತ್ತುಗಳಲ್ಲಿ ತೀರ್ಮಾನಿಸಿಬಿಡುತ್ತದೆ. ಆ ವೇಗದ ಮುಂದೆ ಎರಡು ಸೆಕೆಂಡಿನ ತಪ್ಪೆಂದರೆ ಇಡೀ ಘಟನೆಯೇ ಅದರೊಳಗೆ ಮುಳುಗಿಹೋಗುತ್ತದೆ.

ಕೃಷ್ಣಾತೀರ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆಯೇ ಮಾಡಿದೆ. ಕಂಡದ್ದನ್ನು ಇದ್ದಂತೆ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಅಳೆದಾಗ ‘ಎ’ ಸರ್ವರ್ ‘ಬಿ’ಗಿಂತ 3.2 ಸೆಕೆಂಡು ಹಿಂದಿತ್ತು. ಇಂದು ಬೆಳಿಗ್ಗೆ ಅದೇ ಹೊತ್ತಿಗೆ ಅಳೆದರೆ ಅಂತರ ಸುಮಾರು 86 ಮಿಲಿಸೆಕೆಂಡಿನಷ್ಟು ಹೆಚ್ಚಾಗಿದೆ. ಅಂದರೆ ‘ಎ’ ಸರ್ವರಿನ ಒಳಗಿನ ಕ್ರಿಸ್ಟಲ್ (ಗಡಿಯಾರವನ್ನು ನಡೆಸುವ ಹರಳು) ಹತ್ತು ಲಕ್ಷಕ್ಕೆ ಒಂದು ಭಾಗದಷ್ಟು ನಿಧಾನವಾಗಿ ತನ್ನ ಪಾಡಿಗೆ ತಾನು ಓಡುತ್ತಿದೆ. ಟ್ರಿಪ್ ಆದದ್ದು ನಿನ್ನೆಗೆ ಸರಿಯಾಗಿ ಏಳು ದಿನಗಳ ಹಿಂದೆ. ಅಷ್ಟು ಹಿಂದಕ್ಕೆ ಲೆಕ್ಕ ಹಾಕಿದರೆ ಆ ರಾತ್ರಿಯ ಅಂತರ ಸುಮಾರು 2.6 ಸೆಕೆಂಡು.

ರಿಲೇಕೋಣೆ ಸರ್ ಹೇಳಿದ ಜೋಡಿ ಸಾಕ್ಷ್ಯವೂ ಸಿಕ್ಕಿತು. ಬ್ರೇಕರಿನ ಸ್ಥಿತಿ ಡಿಸಿಎಸ್‌ಗೆ ಮಾಡ್‌ಬಸ್‌ನಲ್ಲೇ ಬರುತ್ತಿದೆ, ಆದ್ದರಿಂದ ಅದನ್ನು ಬಿಟ್ಟೆ. ಆದರೆ ಬಸ್‌ಬಾರಿನ (ವಿದ್ಯುತ್ ಹಂಚುವ ಮುಖ್ಯ ವಾಹಕ) ಅಂಡರ್‌ವೋಲ್ಟೇಜ್ (ವೋಲ್ಟೇಜ್ ಕುಸಿತ) ಸಂಪರ್ಕ ನೇರ ತಂತಿಯಲ್ಲಿ ಎಸ್‌ಒಇ ಕಾರ್ಡಿಗೆ ಬಂದಿದೆ. ಡಿಸಿಎಸ್‌ನಲ್ಲಿ ಅದರ ಸಮಯ 16.4 ಸೆಕೆಂಡು, ರಿಲೇಯಲ್ಲಿ ಅದೇ ವೋಲ್ಟೇಜ್ ಕುಸಿತದ ಸಮಯ 19.0 ಸೆಕೆಂಡು. ವ್ಯತ್ಯಾಸ ಸರಿಯಾಗಿ 2.6. ಇದನ್ನು ಡಿಸಿಎಸ್ ಸಮಯಗಳಿಗೆ ಕೂಡಿಸಿದರೆ ಕ್ರಮ ಹೀಗಾಗುತ್ತದೆ: 19.0ಕ್ಕೆ ವೋಲ್ಟೇಜ್ ಕುಸಿಯಿತು, 19.2ಕ್ಕೆ ಬ್ರೇಕರ್ ತೆರೆಯಿತು, 19.9ಕ್ಕೆ ಓವರ್‌ಸ್ಪೀಡ್ ಆಗಿ ಟರ್ಬೈನ್ ನಿಂತಿತು.

ಆಮೇಲೆ ‘ಎ’ ಸರ್ವರಿನ ಆಂಟೆನಾ ನೋಡಲು ಬಾಯ್ಲರ್ ಕಟ್ಟಡದ ಮೇಲೆ ಹತ್ತಿದೆ. ಆಂಟೆನಾದ ಕೆಳಗಿನ ಕನೆಕ್ಟರಿಗೆ ಸುತ್ತಿದ್ದ ಟೇಪ್ ಬಿಸಿಲಿಗೆ ಬಿರಿದು ಜೋತಾಡುತ್ತಿತ್ತು. ತಿರುಗಿಸಿ ಬಿಚ್ಚಿದಾಗ ಒಳಗಿನಿಂದ ಎರಡು ಹನಿ ನೀರು ಅಂಗೈ ಮೇಲೆ ಬಿತ್ತು. ನಡುವಿನ ಪಿನ್ನು ಪೂರ್ತಿ ಹಸಿರು ಕಿಲುಬು ಹಿಡಿದಿತ್ತು. ಕೇಬಲಿನ ಸರ್ವರ್ ತುದಿಯಲ್ಲಿ 5 ವೋಲ್ಟ್ ಇದ್ದರೆ ಆಂಟೆನಾ ತುದಿಯಲ್ಲಿ 2 ವೋಲ್ಟೂ ಇರಲಿಲ್ಲ. ದಿನಕ್ಕೆ 86 ಮಿಲಿಸೆಕೆಂಡಿನಂತೆ 3.2 ಸೆಕೆಂಡು ಹಿಂದೆ ಬೀಳಲು ಸುಮಾರು 37 ದಿನ ಬೇಕು; ಹೀಗೆ ಲೆಕ್ಕದಿಂದ ಬಂದ ದಿನಕ್ಕೂ ಹಂಗಾಮಿನ ಆರಂಭದಲ್ಲಿ ಬಿದ್ದ ಅಕಾಲಿಕ ಮಳೆಯ ದಿನಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ನನಗೆ ನಿಜಕ್ಕೂ ನೋವಾದದ್ದು ಮುಂದಿನ ಎರಡು ಸಂಗತಿಗಳಿಂದ. ಉಪಗ್ರಹಗಳು ಕಾಣದಿದ್ದರೂ ಎಷ್ಟು ಹೊತ್ತು ಸಮಯ ಹೇಳುತ್ತಿರಬೇಕು ಎಂಬ ಹೋಲ್ಡ್‌ಓವರ್ ಮಿತಿಯನ್ನು ಹಾಕಿಕೊಟ್ಟವರು ಅನಿಯಮಿತ ಎಂದು ಇಟ್ಟಿದ್ದರು. ಆದ್ದರಿಂದ ‘ಎ’ ಇಷ್ಟು ದಿನವೂ ತನ್ನನ್ನು ಸ್ಟ್ರಾಟಮ್ 1 (ಉಪಗ್ರಹದಂಥ ಮೂಲಕ್ಕೆ ನೇರವಾಗಿ ಹೊಂದಿಕೊಂಡ ಮೊದಲ ದರ್ಜೆ) ಎಂದೇ ಸಾರಿಕೊಳ್ಳುತ್ತಿತ್ತು. ಎರಡನೆಯದು, ಸರ್ವರಿನ ಹಿಂಬದಿಯಲ್ಲಿರುವ ಅಲಾರ್ಮ್ ಸಂಪರ್ಕದ ಎರಡು ಟರ್ಮಿನಲ್ಲುಗಳು ಮೂರು ವರ್ಷಗಳಿಂದ ಖಾಲಿಯಾಗಿಯೇ ಇವೆ. ಮುಂಬದಿಯಲ್ಲಿ ಹಳದಿ ದೀಪ ಉರಿಯುತ್ತಿತ್ತು, ಆದರೆ ಪ್ಯಾನೆಲಿನ ಬಾಗಿಲು ಮುಚ್ಚಿತ್ತು.

ಪ್ಯಾನೆಲ್ ಕೆಲಸಗಾರ:

ಒಂದು ಸಂದೇಹ. ಹೋಲ್ಡ್‌ಓವರ್ ಮಿತಿಯನ್ನು ಎಷ್ಟಕ್ಕೆ ಇಡಬೇಕು? ಕಡಿಮೆ ಇಟ್ಟರೆ ಪ್ರತಿ ಗುಡುಗು ಮಳೆಗೂ ಅಲಾರ್ಮ್ ಬರುತ್ತದೆ ಎಂದು ನಮ್ಮಲ್ಲಿ 24 ಗಂಟೆ ಇಟ್ಟಿದ್ದೇವೆ.

ಮಾಪನ:

ಮಿತಿಯನ್ನು ಅಭ್ಯಾಸದಿಂದ ಇಡುವುದಲ್ಲ, ಒಳಗಿರುವ ಕ್ರಿಸ್ಟಲ್ ನೋಡಿ ಇಡಬೇಕು. ಕೃಷ್ಣಾತೀರ ಅವರ ಸರ್ವರಿನಂತೆ ಹತ್ತು ಲಕ್ಷಕ್ಕೆ ಒಂದು ಭಾಗ ತಪ್ಪುವ ಕ್ರಿಸ್ಟಲ್ 1000 ಸೆಕೆಂಡಿನಲ್ಲಿ, ಅಂದರೆ ಹದಿನೇಳು ನಿಮಿಷ ತುಂಬುವ ಮೊದಲೇ, 1 ಮಿಲಿಸೆಕೆಂಡು ಕಳೆದುಕೊಳ್ಳುತ್ತದೆ. 24 ಗಂಟೆಯಲ್ಲಿ 86 ಮಿಲಿಸೆಕೆಂಡು. ಸದಾ ಒಂದೇ ಉಷ್ಣತೆಯಲ್ಲಿ ಇರಿಸುವ ಓವನ್ ಕ್ರಿಸ್ಟಲ್ ಹತ್ತು ಕೋಟಿಗೆ ಒಂದು ಭಾಗದಷ್ಟು ತಪ್ಪುತ್ತದೆ ಎಂದುಕೊಂಡರೆ ಅದೇ 1 ಮಿಲಿಸೆಕೆಂಡಿಗೆ 28 ಗಂಟೆಗಳ ಹತ್ತಿರ ಹಿಡಿಯುತ್ತದೆ. ಎರಡನೆಯ ಬಗೆಯದಾದರೆ 24 ಗಂಟೆ ಸರಿ, ಮೊದಲ ಬಗೆಯದಾದರೆ ಸರಿಯಲ್ಲ. ಕೃಷ್ಣಾತೀರ ಅವರು ದಿನಗಳನ್ನು ಹಿಂದಕ್ಕೆ ಎಣಿಸಿದ ಲೆಕ್ಕದ ಬಗ್ಗೆಯೂ ಒಂದು ಎಚ್ಚರಿಕೆ: ಕ್ರಿಸ್ಟಲಿನ ವೇಗ ಉಷ್ಣತೆಯೊಂದಿಗೆ ಬದಲಾಗುತ್ತದೆ, ಆದ್ದರಿಂದ ಅದು ಪೂರಕ ಸಾಕ್ಷ್ಯವಷ್ಟೇ. ವಿಚಾರಣೆಯಲ್ಲಿ ಅಂಡರ್‌ವೋಲ್ಟೇಜ್ ಜೋಡಿಯನ್ನೇ ಮುಂದಿಡಿ.

ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಮೂಲಗಳ ಸ್ವಾತಂತ್ರ್ಯದ ಬಗ್ಗೆ. ಎರಡು ಸರ್ವರ್ ಇದ್ದು ಒಂದು ತಪ್ಪು ಹೇಳಿದರೆ, ಮತ ಎಣಿಸಬಲ್ಲ ಕ್ಲೈಂಟಿಗೂ ಯಾವುದು ಸರಿ ಎಂದು ತಿಳಿಯುವುದಿಲ್ಲ. ಬಹುಮತ ಸಿಗದೆ ಎರಡನ್ನೂ ತಳ್ಳಿಹಾಕಿ ಸ್ವಂತ ಕ್ರಿಸ್ಟಲಿನ ಮೇಲೆ ಓಡತೊಡಗುತ್ತದೆ. ಮೂರಿದ್ದರೆ ಒಬ್ಬ ಸುಳ್ಳುಗಾರನನ್ನು ಗುರುತಿಸಬಹುದು. ನಾಲ್ಕಿದ್ದರೆ ಒಂದನ್ನು ದುರಸ್ತಿಗೆ ಇಳಿಸಿದಾಗಲೂ ಆ ಶಕ್ತಿ ಉಳಿಯುತ್ತದೆ. ಆದರೆ ಆ ಮೂರೂ ಒಂದೇ ಕಂಬದ ಆಂಟೆನಾಗಳಿಗೆ, ಒಂದೇ ಯುಪಿಎಸ್‌ಗೆ, ಒಂದೇ ಸ್ವಿಚ್ಚಿಗೆ ಕಟ್ಟಿಕೊಂಡಿದ್ದರೆ ಅವನ್ನು ಮೂರೆಂದು ಎಣಿಸಲಾಗದು.

ಅಷ್ಟೇ ಅಲ್ಲ, ಮೂರೂ ಜಿಪಿಎಸ್ ಆಗಿದ್ದರೆ ಜಿಪಿಎಸ್ಸೇ ತಪ್ಪಿದಾಗ ಮೂರೂ ಒಟ್ಟಿಗೆ ತಪ್ಪುತ್ತವೆ. 2016ರ ಜನವರಿ 26ರಂದು ಹಳೆಯ ಉಪಗ್ರಹವೊಂದನ್ನು ಸೇವೆಯಿಂದ ತೆಗೆಯುವಾಗ ಆದ ಎಡವಟ್ಟಿನಿಂದ ಹಲವು ಉಪಗ್ರಹಗಳು ಯುಟಿಸಿಗೆ ಸಂಬಂಧಿಸಿದ ತಪ್ಪು ಅಂಕಿಗಳನ್ನು ಪ್ರಸಾರ ಮಾಡಿ, ಸುಮಾರು 13 ಮೈಕ್ರೊಸೆಕೆಂಡಿನ ತಪ್ಪಾಯಿತು. ಸಕ್ಕರೆ ಕಾರ್ಖಾನೆಗೆ ಅದು ತಿಳಿಯುವಷ್ಟು ದೊಡ್ಡದಲ್ಲ, ದೂರಸಂಪರ್ಕ ಜಾಲಗಳಿಗೆ ದೊಡ್ಡದು. ಇನ್ನೊಂದು ಬಗೆಯ ತಪ್ಪು ನಮಗೂ ತಟ್ಟುತ್ತದೆ: ಜಿಪಿಎಸ್ ವಾರಗಳನ್ನು 10 ಬಿಟ್‌ಗಳಲ್ಲಿ ಎಣಿಸುವುದರಿಂದ 1024 ವಾರಗಳಿಗೊಮ್ಮೆ ಎಣಿಕೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್ 7ರ ಮುಂಜಾನೆ, ನಮ್ಮ ಸಮಯದ 5:30ರ ಹೊತ್ತಿಗೆ ಹಾಗಾದಾಗ, ಅದಕ್ಕೆ ಸಿದ್ಧವಿಲ್ಲದ ಹಳೆಯ ರಿಸೀವರಿನ ಪಾಲಿಗೆ ಅದು ಮತ್ತೆ 1999ರ ಆಗಸ್ಟ್. ಪೂರ್ಣ ಎನ್‌ಟಿಪಿ 1000 ಸೆಕೆಂಡಿಗಿಂತ ದೊಡ್ಡ ಜಿಗಿತವನ್ನು ಒಪ್ಪದೆ ನಿಂತುಬಿಡುತ್ತದೆ. ಕಂಡದ್ದನ್ನೆಲ್ಲ ನಂಬುವ ಎಸ್‌ಎನ್‌ಟಿಪಿ ಕ್ಲೈಂಟ್ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಲು ಹಿಂಜರಿಯುವುದಿಲ್ಲ.

ಆದ್ದರಿಂದ ಮೂರನೆಯದನ್ನು ಖರೀದಿಸುವುದಾದರೆ ಬೇರೆ ತಯಾರಕರದು, ನಾವಿಕ್ (ಭಾರತದ ಉಪಗ್ರಹ ಸಂಚರಣ ವ್ಯವಸ್ಥೆ) ಸಂಕೇತವನ್ನೂ ಹಿಡಿಯುವಂಥದು ಇರಲಿ. ನಾವಿಕ್‌ನ ಕಾಲಗಣನೆಗೆ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಇಸ್ರೊದ ಸ್ವಂತ ವ್ಯವಸ್ಥೆಯಿದೆ, ಅದು ಜಿಪಿಎಸ್‌ನ ಹಂಗಿನಲ್ಲಿಲ್ಲ. ನಾಲ್ಕನೆಯ ಮತವಾಗಿ ಭಾರತೀಯ ಕಾಲಮಾನವನ್ನು ಕಾಯುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸೇವೆಯನ್ನು ಇಟ್ಟುಕೊಳ್ಳಬಹುದು. ಇಂಟರ್ನೆಟ್ ದಾಟಿ ಬರುವುದರಿಂದ ಅದು ಕೆಲವು ಮಿಲಿಸೆಕೆಂಡುಗಳ ಮಟ್ಟದಲ್ಲಿ ಮಾತ್ರ ಸರಿಯಿರುತ್ತದೆ, ಆದರೆ ಎರಡು ಸೆಕೆಂಡಿನ ಸುಳ್ಳನ್ನು ಹಿಡಿಯಲು ಅಷ್ಟು ಸಾಕು. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನವೂ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ಈ ಪ್ರಯೋಗಾಲಯದ ಸಮಯಕ್ಕೆ, ಇಲ್ಲವೇ ಅವುಗಳಿಗೆ ಹೊಂದುವ ಮೂಲಕ್ಕೆ ಗಡಿಯಾರಗಳನ್ನು ಸೇರಿಸಬೇಕೆಂದು ಹೇಳುತ್ತದೆ.

ಹೊಸ ಎಂಜಿನಿಯರ್:

ಇಷ್ಟೆಲ್ಲ ಕಷ್ಟಪಡುವ ಬದಲು ಸಮಯ ಹಂಚುವ ಇನ್ನೊಂದು ಕ್ರಮವಾದ ಪಿಟಿಪಿಗೆ ಹೋದರೆ ಆಗದೇ? ಅದರಲ್ಲಿ ಒಳ್ಳೆಯ ಗಡಿಯಾರವನ್ನು ಉಪಕರಣಗಳು ತಾವೇ ಆರಿಸಿಕೊಳ್ಳುತ್ತವೆ ಎಂದು ಓದಿದ್ದೇನೆ.

ರಿಲೇಕೋಣೆ:

ಒಳ್ಳೆಯ ಪ್ರಶ್ನೆ. ಪಿಟಿಪಿ, ಅಂದರೆ ಐಇಇಇ 1588, ಸೂಕ್ಷ್ಮತೆಗೆ ಹುಟ್ಟಿದ್ದು. ಅದನ್ನು ಬೆಂಬಲಿಸುವ ಸ್ವಿಚ್ಚುಗಳು ಪ್ಯಾಕೆಟ್ ತಮ್ಮೊಳಗೆ ಎಷ್ಟು ಹೊತ್ತು ಕಾದಿತ್ತು ಎಂಬುದನ್ನೂ ಅಳೆದು ಸೇರಿಸುವುದರಿಂದ 1 ಮೈಕ್ರೊಸೆಕೆಂಡಿನೊಳಗಿನ ಹೊಂದಾಣಿಕೆ ಸಿಗುತ್ತದೆ. ಡಿಜಿಟಲ್ ಸಬ್‌ಸ್ಟೇಷನ್ನಿನಲ್ಲಿ ಕರೆಂಟ್ ಮತ್ತು ವೋಲ್ಟೇಜ್ ಮಾದರಿಗಳೇ ನೆಟ್‌ವರ್ಕಿನಲ್ಲಿ ಓಡಾಡುವಾಗ ಅದು ಬೇಕೇ ಬೇಕು: 50 ಹರ್ಟ್ಸ್‌ನಲ್ಲಿ 1 ಮಿಲಿಸೆಕೆಂಡಿನ ತಪ್ಪು 18 ಡಿಗ್ರಿ ಕೋನದ ತಪ್ಪಾಗುತ್ತದೆ, 1 ಮೈಕ್ರೊಸೆಕೆಂಡಿನದು 0.018 ಡಿಗ್ರಿ ಮಾತ್ರ.

ಆದರೆ ಅದರ ಆಯ್ಕೆಯ ಕ್ರಮದಲ್ಲಿ ಮತದಾನವಿಲ್ಲ. ಪ್ರತಿಯೊಂದು ಗ್ರ್ಯಾಂಡ್‌ಮಾಸ್ಟರ್ (ಸಮಯ ಕೊಡುವ ಮೂಲ ಗಡಿಯಾರ) ತನ್ನ ಆದ್ಯತೆ, ದರ್ಜೆ, ನಿಖರತೆಗಳನ್ನು ತಾನೇ ಸಾರುತ್ತದೆ. ಎಲ್ಲರಿಗಿಂತ ಮೇಲಿನದನ್ನು ಸಾರಿದವರನ್ನು ಉಳಿದವರು ಹಿಂಬಾಲಿಸುತ್ತಾರೆ. ಉಪಗ್ರಹಕ್ಕೆ ಹೊಂದಿಕೊಂಡಿದ್ದರೆ ದರ್ಜೆ 6, ಹೋಲ್ಡ್‌ಓವರಿಗೆ ಇಳಿದರೆ 7. ಪ್ರಾಮಾಣಿಕವಾಗಿ 7 ಎಂದು ಹೇಳಿಕೊಂಡರೆ ಬದಲಾವಣೆ ಸೊಗಸಾಗಿ ನಡೆಯುತ್ತದೆ. ತಪ್ಪು ಸಮಯ ಇಟ್ಟುಕೊಂಡು 6 ಎಂದೇ ಸಾರಿದರೆ ಇಡೀ ಜಾಲ ಅದರ ಹಿಂದೆ ನಡೆಯುತ್ತದೆ. ಕೃಷ್ಣಾತೀರ ಅವರ ‘ಎ’ ಸರ್ವರ್ ಮಾಡಿದ್ದೂ ಅದನ್ನೇ. ಮಿಲಿಸೆಕೆಂಡು ಸಾಕಾಗುವ ಘಟಕಕ್ಕೆ ಎಲ್ಲ ಸ್ವಿಚ್ಚುಗಳನ್ನೂ ಬದಲಿಸುವ ಖರ್ಚು ಬೇಡ. ಆ ಹಣದಲ್ಲಿ ಮೂರನೆಯ ಮೂಲವನ್ನೂ ಅಲಾರ್ಮ್ ತಂತಿಗಳನ್ನೂ ಹಾಕಿಸಿ.

ಪ್ಯಾಕೆಟ್:

ಸರ್, ಈಗ ಪರಿಹಾರದ ರೂಪ ಹೇಳುತ್ತೇನೆ. ನಿಮ್ಮ ಕಂಟ್ರೋಲರುಗಳಿಗೆ ಮತ ಎಣಿಸುವುದನ್ನು ಕಲಿಸಲು ಸಾಧ್ಯವಿಲ್ಲ, ಆದ್ದರಿಂದ ಎಣಿಸಬಲ್ಲವರನ್ನು ನಡುವೆ ನಿಲ್ಲಿಸಬೇಕು. ಎರಡು ಸಣ್ಣ ಕೈಗಾರಿಕಾ ಕಂಪ್ಯೂಟರುಗಳಲ್ಲಿ ಲಿನಕ್ಸ್ ಮತ್ತು ಕ್ರೋನಿ (ಪೂರ್ಣ ಎನ್‌ಟಿಪಿ ನಡೆಸುವ ತಂತ್ರಾಂಶ) ಹಾಕಿ. ಎರಡೂ ಪ್ರತ್ಯೇಕವಾಗಿ ‘ಎ’, ‘ಬಿ’, ಹೊಸ ‘ಸಿ’ ಮತ್ತು ಫೈರ್‌ವಾಲಿನಾಚೆಯ ಸರ್ವರ್ ಮೂಲಕ ಬರುವ ರಾಷ್ಟ್ರೀಯ ಪ್ರಯೋಗಾಲಯದ ಸಮಯ, ಈ ನಾಲ್ಕನ್ನೂ ವಿಚಾರಿಸಲಿ. ಕನಿಷ್ಠ ಎರಡು ಮೂಲಗಳು ಒಪ್ಪದೆ ಗಡಿಯಾರವನ್ನು ಮುಟ್ಟಬಾರದು ಎಂಬ ಆಯ್ಕೆಯನ್ನು ತಪ್ಪದೇ ಹಾಕಿ. ಡಿಸಿಎಸ್ ಮತ್ತು ಪಿಎಲ್‌ಸಿಗಳ ಎರಡು ವಿಳಾಸಗಳಿಗೆ ಈ ಎರಡು ಕಂಪ್ಯೂಟರುಗಳನ್ನೇ ಕೊಡಿ. ಆಗ ಅವುಗಳ ಸರಳ ನಂಬಿಕೆಯಿಂದ ತೊಂದರೆಯಾಗುವುದಿಲ್ಲ, ಏಕೆಂದರೆ ಅವು ಕೇಳುವ ಉತ್ತರ ಆಗಲೇ ಪರೀಕ್ಷೆ ದಾಟಿ ಬಂದಿರುತ್ತದೆ. ಫೈರ್‌ವಾಲಿನಲ್ಲಿ ಎನ್‌ಟಿಪಿ ಬಳಸುವ ಪೋರ್ಟ್ ಆದ ಯುಡಿಪಿ 123ನ್ನು ಆ ಒಂದು ಸರ್ವರಿಗೆ ಮಾತ್ರ, ಹೊರಮುಖವಾಗಿ ತೆರೆಯಿರಿ.

ಕಂಪ್ಯೂಟರುಗಳಿಗೆ ಬೇರೆಬೇರೆ ಸ್ವಿಚ್ಚು, ಬೇರೆಬೇರೆ ವಿದ್ಯುತ್ ಮೂಲ ಕೊಡಿ. ಇವನ್ನು ವರ್ಚುವಲ್ ಯಂತ್ರಗಳಾಗಿ ಮಾತ್ರ ಮಾಡಬೇಡಿ. ಹೋಸ್ಟ್ ಕಂಪ್ಯೂಟರೂ ಒಳಗಿನ ಎನ್‌ಟಿಪಿಯೂ ಒಂದೇ ಗಡಿಯಾರವನ್ನು ಎರಡು ಕಡೆಗೆ ಎಳೆಯುವುದನ್ನು ಬಹಳ ಕಡೆ ನೋಡಿದ್ದೇನೆ.

ಈಗಿರುವ ಮೂರು ಸೆಕೆಂಡಿಗೂ ಮೀರಿದ ತಪ್ಪನ್ನು ಸರಿಪಡಿಸುವಾಗ ಬಹಳ ಎಚ್ಚರ ಬೇಕು. ಎನ್‌ಟಿಪಿ ಗಡಿಯಾರವನ್ನು ನಿಧಾನವಾಗಿ ಸರಿಸುವುದಾದರೆ ಅದರ ಗರಿಷ್ಠ ವೇಗ ಹತ್ತು ಲಕ್ಷಕ್ಕೆ 500 ಭಾಗ, 3.2 ಸೆಕೆಂಡನ್ನು ಆ ವೇಗದಲ್ಲಿ ಸರಿಸಲು 6400 ಸೆಕೆಂಡು, ಒಂದು ಮುಕ್ಕಾಲು ಗಂಟೆಗೂ ಹೆಚ್ಚು, ಹಿಡಿಯುತ್ತದೆ. ಎಸ್‌ಎನ್‌ಟಿಪಿ ಕ್ಲೈಂಟುಗಳು ಹಾಗೆ ಸರಿಸುವುದಿಲ್ಲ, ಒಮ್ಮೆಲೇ ಜಿಗಿಯುತ್ತವೆ. ಓಡುವ ಘಟಕದಲ್ಲಿ ಗಡಿಯಾರ ಜಿಗಿದರೆ ಗಡಿಯಾರದ ಹೊತ್ತನ್ನೇ ನೋಡಿ ನಡೆಯುವ ಸೀಕ್ವೆನ್ಸ್‌ಗಳಿಗೂ ಹಿಸ್ಟೋರಿಯನ್ (ಅಳತೆಗಳನ್ನು ಕೂಡಿಡುವ ತಂತ್ರಾಂಶ) ದಾಖಲೆಗಳಿಗೂ ಪೆಟ್ಟು ಬೀಳಬಹುದು. ಸ್ವಚ್ಛತೆಗಾಗಿ ಗಿರಣಿ ನಿಲ್ಲಿಸುವ ದಿನದವರೆಗೆ ಕಾಯಿರಿ.

ಕೃಷ್ಣಾತೀರ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಸ್ವಚ್ಛತೆಗೆ ನಿಲ್ಲಿಸಿದ ದಿನ ಎಲ್ಲ ಬದಲಾವಣೆಗಳನ್ನೂ ಮಾಡಿದೆವು. ‘ಎ’ ಸರ್ವರಿನ ಕೇಬಲ್ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಒಂದಕ್ಕೊಂದು ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಬಿಸಿಲು ತಡೆಯುವ ಟೇಪ್ ಸುತ್ತಿದೆವು. ನಾವಿಕ್ ಹಿಡಿಯುವ ‘ಸಿ’ ಸರ್ವರಿನ ಆಂಟೆನಾವನ್ನು ಗಿರಣಿಯ ಇನ್ನೊಂದು ತುದಿಯಲ್ಲಿರುವ ಆಡಳಿತ ಕಚೇರಿಯ ಮೇಲೆ ನಿಲ್ಲಿಸಿದೆವು. ಹೋಲ್ಡ್‌ಓವರ್ ಮಿತಿಯನ್ನು ಒಂದು ಗಂಟೆಗೆ ಇಳಿಸಿದೆ. ಅಲಾರ್ಮ್ ಸಂಪರ್ಕಗಳು ಈಗ ಡಿಸಿಎಸ್‌ಗೆ ಬಂದಿವೆ.

ಎರಡು ಪರೀಕ್ಷೆಗಳನ್ನು ಮಾಡಿದೆ. ಮೊದಲನೆಯದರಲ್ಲಿ ‘ಎ’ ಸರ್ವರಿನ ಆಂಟೆನಾ ಕೇಬಲ್ ಬಿಚ್ಚಿದೆ. ಡಿಸಿಎಸ್‌ನಲ್ಲಿ ಅಲಾರ್ಮ್ ತಕ್ಷಣ ಬಂತು, ಒಂದು ಗಂಟೆಯ ಬಳಿಕ ಸರ್ವರ್ ತಾನು ಹೊಂದಿಕೆಯಲ್ಲಿಲ್ಲ ಎಂದು ಸಾರಿತು, ನಡುವಿನ ಎರಡೂ ಕಂಪ್ಯೂಟರುಗಳು ಮುಂದಿನ ವಿಚಾರಣೆಯಲ್ಲೇ ಅದನ್ನು ಕೈಬಿಟ್ಟವು. ಎರಡನೆಯದು ನನಗೆ ಹೆಚ್ಚು ಬೇಕಾಗಿದ್ದ ಪರೀಕ್ಷೆ: ‘ಸಿ’ ಸರ್ವರಿಗೆ ಕೈಯಿಂದಲೇ 5 ಸೆಕೆಂಡು ತಪ್ಪು ಸಮಯ ಕೊಟ್ಟು, ಎಲ್ಲವೂ ಸರಿಯಿದೆ ಎಂದೇ ಸಾರುವಂತೆ ಬಿಟ್ಟೆ. ಕ್ರೋನಿಯ ಮೂಲಗಳ ಪಟ್ಟಿಯಲ್ಲಿ ಸ್ವಲ್ಪ ಹೊತ್ತಿನಲ್ಲೇ ಅದರ ಮುಂದೆ ಸುಳ್ಳುಗಾರನ ಗುರುತು ಬಿತ್ತು. ಪಕ್ಕದ ಪರದೆಯಲ್ಲಿ ಡಿಸಿಎಸ್ ಕಂಟ್ರೋಲರುಗಳ ವ್ಯತ್ಯಾಸ ನೋಡುತ್ತ ಕುಳಿತಿದ್ದೆ. ಅರ್ಧ ಗಂಟೆಯವರೆಗೂ ಅದು 2 ಮಿಲಿಸೆಕೆಂಡು ದಾಟಲಿಲ್ಲ. ಆ ರಾತ್ರಿ ಪಾಳಿಯಲ್ಲಿದ್ದ ಆಪರೇಟರನ್ನು ಕರೆದು ತೋರಿಸಿದೆ.

ಜಂಟಿ ವಿಚಾರಣೆಯಲ್ಲಿ ಅಂಡರ್‌ವೋಲ್ಟೇಜ್ ಜೋಡಿಯನ್ನು ಮೊದಲು ಇಟ್ಟು, ಬಳಿಕ ರಿಲೇಕೋಣೆ ಸರ್ ಹೇಳಿದ ಓವರ್‌ಸ್ಪೀಡಿನ ತರ್ಕವನ್ನೂ ದಿನಕ್ಕೆ 86 ಮಿಲಿಸೆಕೆಂಡಿನ ಅಳತೆಯನ್ನೂ ಇಟ್ಟೆವು. ವಿದ್ಯುತ್ ಕಂಪನಿಯವರು ತಿದ್ದಿದ ಕ್ರಮವನ್ನು ಒಪ್ಪಿಕೊಂಡರು. ತಮ್ಮ ಫೀಡರಿನ ಡಿಸ್ಟರ್ಬೆನ್ಸ್ ರೆಕಾರ್ಡರನ್ನೂ ತೆರೆದು ನೋಡಿದಾಗ ಅದೇ ಹೊತ್ತಿಗೆ ಅಲ್ಲೊಂದು ಫಾಲ್ಟ್ ಇದ್ದದ್ದು ಕಂಡಿತು.

ಒಂದು ಕೆಲಸ ಬಾಕಿಯಿದೆ. ರಿಲೇಗಳು ಇನ್ನೂ ‘ಬಿ’ ಸರ್ವರಿನ ಐರಿಗ್-ಬಿ ಕೇಬಲಿನ ಮೇಲೆಯೇ ನಿಂತಿವೆ, ಅಲ್ಲಿ ಮತ ಎಣಿಸುವವರಿಲ್ಲ. ಸದ್ಯಕ್ಕೆ ನಡುವಿನ ಕಂಪ್ಯೂಟರುಗಳು ‘ಬಿ’ಯ ವ್ಯತ್ಯಾಸ 5 ಮಿಲಿಸೆಕೆಂಡು ದಾಟಿದರೆ ಅಲಾರ್ಮ್ ಕೊಡುವಂತೆ ಮಾಡಿದ್ದೇನೆ. ರಿಲೇಗಳನ್ನೂ ಎನ್‌ಟಿಪಿಗೆ ತರಬೇಕೇ, ಅಥವಾ ಎರಡು ಐರಿಗ್-ಬಿ ಮೂಲಗಳ ನಡುವೆ ಬದಲಾಯಿಸುವ ಪೆಟ್ಟಿಗೆ ಹಾಕಬೇಕೇ ಎಂಬುದರ ಬಗ್ಗೆ ರಿಲೇಕೋಣೆ ಸರ್ ಅವರ ಅಭಿಪ್ರಾಯ ಬೇಕಾಗಿದೆ.

ರಿಲೇಕೋಣೆ:

ಬದಲಾಯಿಸುವ ಪೆಟ್ಟಿಗೆ ಬೇಡ. ಅದೂ ಮೌನವನ್ನಷ್ಟೇ ಗುರುತಿಸುತ್ತದೆ, ತಪ್ಪನ್ನಲ್ಲ. ಐರಿಗ್-ಬಿಯನ್ನು ಹಾಗೆಯೇ ಇಟ್ಟುಕೊಳ್ಳಿ, ಏಕೆಂದರೆ ಎನ್‌ಟಿಪಿಗಿಂತ ಅದು ಹೆಚ್ಚು ಸೂಕ್ಷ್ಮ. ರಿಲೇ ಓದಬಲ್ಲುದಾದರೆ ಸಮಯದ ಗುಣಮಟ್ಟದ ಬಿಟ್‌ಗಳನ್ನೂ ಸೇರಿಸಿದ ವಿಸ್ತೃತ ಸಂಕೇತವನ್ನು ‘ಬಿ’ಯಲ್ಲಿ ಚಾಲೂ ಮಾಡಿ, ಆಗ ರಿಲೇಯ ದಾಖಲೆಯಲ್ಲೇ ಗಡಿಯಾರದ ಸ್ಥಿತಿಯೂ ಅಚ್ಚಾಗುತ್ತದೆ. 5 ಮಿಲಿಸೆಕೆಂಡಿನ ಅಲಾರ್ಮನ್ನು 2ಕ್ಕೆ ಇಳಿಸಲು ನಿಮ್ಮ ನೆಟ್‌ವರ್ಕ್ ಅವಕಾಶ ಕೊಡುತ್ತದೆಯೇ ಎಂದು ಒಂದು ತಿಂಗಳು ದಾಖಲೆ ನೋಡಿ ನಿರ್ಧರಿಸಿ. ಮುಂದಿನ ಮಳೆಗಾಲಕ್ಕೆ ಮುಂಚೆ ಮೂರೂ ಆಂಟೆನಾಗಳ ಕನೆಕ್ಟರುಗಳನ್ನು ಬಿಚ್ಚಿ ನೋಡುವ ದಿನವನ್ನು ಈಗಲೇ ನಿರ್ವಹಣೆಯ ಪುಸ್ತಕದಲ್ಲಿ ಬರೆದಿಡಿ.